ಸತ್ವಾದಿಂದ ಕೋಟ್‌ದ್ವಾರಕ್ಕೆ ಒಂದು ಕರೆ

ಅಕ್ಕನ ರವಿಕೆ ತರಲು ದುಬೈಯ ಸತ್ವಾದ ಅಂಗಡಿಗೆ ಹೋದಾಗ ಹೊಲಿಗೆ ಯಂತ್ರ ನಿಂತಿತ್ತು. ದರ್ಜಿ ಮೋಹನ್ ಭಾಯಿ ಫೋನನ್ನು ಕಿವಿಗೊತ್ತಿಕೊಂಡು ಬೆವರುತ್ತಿದ್ದರು. ಅಕ್ಕ ಹಿಂದಿಯಲ್ಲಿ ವಿಚಾರಿಸಿ ನನ್ನತ್ತ ತಿರುಗಿದಳು.

"ಇವರ ಊರು ಕೋಟ್‌ದ್ವಾರದಲ್ಲಿ ಹೊಳೆ ಉಕ್ಕಿದೆ ಮಾರಾಯ. ಹೆಂಡತಿ ಮಕ್ಕಳು ಎತ್ತರದಲ್ಲಿರುವ ಶಾಲೆಗೆ ಹೋಗಿ ಆಯ್ತಂತೆ. ಅಪ್ಪ ಮಾತ್ರ ಅಂಗಡಿ ಬಿಟ್ಟು ಏಳುದೇ ಇಲ್ವಂತೆ."

ಹಿಮಾಲಯದ ತಪ್ಪಲಿನ ಆ ಊರಿನ ಪೇಟೆಯಲ್ಲಿ ಬೆಟ್ಟದಿಂದ ಇಳಿದು ಬಂದವರೇ ಹೆಚ್ಚಂತೆ. ಮೋಹನ್ ಭಾಯಿಯ ಅಜ್ಜನೂ ಹೇಸರಗತ್ತೆಯ ಮೇಲೆ ಉಣ್ಣೆ ಹೇರಿಕೊಂಡು ಬಂದು, ಹೊಳೆಯ ದಡದಲ್ಲಿ ಆ ಅಂಗಡಿ ಹಾಕಿದ್ದರು. ಅದನ್ನು ನೀರಿಗೆ ಬಿಟ್ಟುಕೊಡಲಾರೆ ಎಂಬುದು ಮುದುಕರ ಹಟ.

ಕೊನೆಗೆ ಅಪ್ಪ ಫೋನಿನಲ್ಲಿ ಸಿಕ್ಕರು. ಮೋಹನ್ ಭಾಯಿ ಬೇಡಿಕೊಳ್ಳಲಿಲ್ಲ.

"ಬಾಬೂಜಿ, ನಾನು ಊರಿಗೆ ಬಂದಿದ್ದೇನೆ. ಶಾಲೆಯಲ್ಲಿದ್ದೇನೆ, ಬೇಗ ಬನ್ನಿ."

ಅಷ್ಟು ಹಿಂದಿ ನನಗೂ ತಿಳಿಯಿತು. ಎದ್ದು ಹೋಗಲು ಮನಸ್ಸಾಗದೆ ನಾವಿಬ್ಬರೂ ಅಲ್ಲೇ ಕುಳಿತೆವು. ಬಹಳ ಹೊತ್ತಿನ ಮೇಲೆ ಹೆಂಡತಿಯ ಫೋನ್ ಬಂತು. ಕೇಳುತ್ತ ಕೇಳುತ್ತ ಅವರು ಬಾಗಿಲ ಮೆಟ್ಟಿಲಲ್ಲಿ ಕುಸಿದು ಕುಳಿತರು.

ಅಕ್ಕ ಹತ್ತಿರ ಹೋಗಿ ವಿಚಾರಿಸಿದಳು. ನಾನು ಗಾಬರಿಯಿಂದ ಅವಳ ಮುಖ ನೋಡಿದೆ.

"ಅಪ್ಪ ಶಾಲೆಗೆ ಬಂದ್ರಂತೆ," ಎಂದು ಅವಳು ಪಿಸುಗುಟ್ಟಿದಳು. "ಕೋಣೆ ಕೋಣೆಗೆ ಹೋಗಿ ಮಗನನ್ನು ಹುಡುಕ್ತಾ ಇದ್ದಾರಂತೆ."