ಪರ್ಸೆಂಟ್ ಉಮಾಶಂಕರ

ಅಂಕಪಟ್ಟಿಯಲ್ಲಿ ಅಂಕದ ಬದಲು ಗ್ರೇಡ್ ಪಾಯಿಂಟ್ ಬಂದ ಮೇಲೆ ಬೆಟ್ಟದಪುರದ ಜೆರಾಕ್ಸ್ ಅಂಗಡಿಯ ಉಮಾಶಂಕರನಿಗೆ ಊಟ ನಿದ್ದೆ ಬೇಡವಾಯಿತು. ಬಸ್ಸಿಗೆ ಕಾದು ನಿಂತ ಮಕ್ಕಳನ್ನೆಲ್ಲ ಕೂಗಿ, “ಎಷ್ಟ್ಲಾ ಪಾಯಿಂಟು?” ಎಂದು ಕೇಳಿ, ಒಂಬತ್ತೂವರೆಯಿಂದ ಗುಣಿಸಿ ಪರ್ಸೆಂಟ್ ಹೇಳಿದರೇ ಅವನಿಗೆ ಸಮಾಧಾನ. ಹತ್ತಕ್ಕೆ ಹತ್ತು ಬಂದವರಿಗೂ ತೊಂಬತ್ತೈದೇ. “ಮಿಕ್ಕ ಐದು ಎಲ್ಲೋಯ್ತಣ್ಣ?” ಎಂದರೆ, “ಹೊಗೆಸೊಪ್ಪು ತೂಗುವಾಗ ಗೋಣಿ ತೂಕ ಕಳೀತಾರಲ್ಲ, ಅಂಗೆ ಕಣ್ಲಾ” ಎನ್ನುವನು. ಸ್ವಂತ ಮಗನಿಗೂ ಅರ್ಧ ಪರ್ಸೆಂಟ್ ಬಿಟ್ಟುಕೊಟ್ಟವನಲ್ಲ. ಆದರೆ ಯಾರಾದರೂ ಅಪ್ಪ ಮಗಳನ್ನು ಕರೆತಂದು, “ಅರವತ್ತು ಪರ್ಸೆಂಟ್ ಬರ್ದೇ ಇದ್ರೆ ಕಾಲೇಜು ಬ್ಯಾಡ, ಮನೇಲಿರ್ಲಿ” ಎಂದರೆ, ಆ ಹುಡುಗಿಯ ಮುಖ ನೋಡಿ ಕ್ಯಾಲ್ಕುಲೇಟರನ್ನು ಪಕ್ಕಕ್ಕಿಡುವನು. “ಆರು ಪಾಯಿಂಟ್ ಎರಡಾ? ಅರವತ್ತೆರಡು ಕಣ್ರೀ. ಸೇರಿಸ್ರಿ ಕಾಲೇಜ್ಗೆ.” ಗೋಣಿ ತೂಕ ಕಳೆಯುವುದು ಆಗ ಮಾತ್ರ ಅವನಿಗೆ ಮರೆತುಹೋಗುತ್ತಿತ್ತು.