ಆಯಿ ಮಗಳಿಗೆಂದು ಮಾಡಿಟ್ಟ ಕೋಣೆ

ಮೊನ್ನೆ ನಮ್ಮ ಸೋಲಾಪುರದ ಮನೆಯ ತುಳಸಿಕಟ್ಟೆ ಬಿರುಕು ಬಿಟ್ಟಿತ್ತು. ಮೆತ್ತೋಣವೆಂದು ಒಂದು ಬುಟ್ಟಿ ಮಣ್ಣಿಗೆ ಹೊಟ್ಟು ಸೇರಿಸಿ ನೀರು ಹಾಕಿಟ್ಟೆ. ಎರಡನೆಯ ದಿನಕ್ಕೆ ಅದು ಹುಳಿ ವಾಸನೆ ಬಿಟ್ಟಿತು. ಆಗ ಹಳ್ಳಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಆಯಿ ನೆನಪಾದಳು...

ಎಪ್ಪತ್ತೆರಡರ ಬರ ಕಳೆದು ಎರಡು ವರ್ಷವಾಗಿತ್ತು. ಅಕ್ಕಲಕೋಟ ಕಡೆಯ ಹನ್ನೂರಿಗೆ ನಾನು ಸೊಸೆಯಾಗಿ ಬಂದು ವರ್ಷ ತುಂಬಿತ್ತು. ಆರು ತಿಂಗಳ ಬಸುರಿ. ನನಗೆ ತಾಯಿ ಇರಲಿಲ್ಲ. ನಮ್ಮ ಗೋಡೆಗೆ ಹತ್ತಿಕೊಂಡೇ ಆಯಿಯ ಮನೆ. ಗಂಡ ತೀರಿದ್ದ, ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳನ್ನು ಮಂದ್ರೂಪಕ್ಕೆ ಕೊಟ್ಟಿದ್ದಳು. ಮಗಳಿಗೆ ಏಳನೆಯ ತಿಂಗಳು, ಚೊಚ್ಚಲು. ದೀಪಾವಳಿಗೆ ಕರೆಸಿ, ಥಂಡಿಯಲ್ಲಿ ಬಾಣಂತನ ಮುಗಿಸಿಯೇ ಕಳಿಸಬೇಕೆಂದು ದಸರೆಯಿಂದಲೇ ಕೆಲಸಕ್ಕೆ ಬಿದ್ದಿದ್ದಳು.

ಕೋಣೆಗೆ ಸುಣ್ಣ ಬಳಿದಳು, ಕಿಟಕಿಗೆ ಗೋಣಿ ಕಟ್ಟಿದಳು, ಹೊರಸಿನ ಹಗ್ಗ ಬಿಗಿದಳು, ಬಾಣಂತಿಯ ಮೈ ಕಾಯಿಸಲು ಸಗಣಿಯ ಕುಳ್ಳು ಒಟ್ಟಿದಳು. ಹಳೆಯ ಸೀರೆಗಳಿಂದ ಒಂದು ದೊಡ್ಡ ಕೌದಿ, ಕೂಸಿಗೊಂದು ಸಣ್ಣ ಕೌದಿ ಹೊಲಿದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಮಗಳು ಬಂದ ದಿನ ಹೋಳಿಗೆ ಮಾಡಿದಾಗ ಮುಚ್ಚಿದರಾಯಿತೆಂದು ಸಣ್ಣದರ ಮೂಲೆ ತೆರೆದೇ ಇಟ್ಟಿದ್ದಳು.

ನಮ್ಮ ಅತ್ತೆ ಚೇಷ್ಟೆ ಮಾಡುತ್ತಿದ್ದರು. "ಏನಬೇ, ಮಗಳನ್ನ ಕರಸ್ತೀಯೋ, ರಾಣೀನ ಕರಸ್ತೀಯೋ?"

"ರಾಣಿಗಿ ಮಂದಿ ಇರ್ತಾರ. ಇಕಿಗಿ ನಾ ಒಬ್ಬಾಕಿನ ಇದ್ದೀನಿ" ಎಂದಿದ್ದಳು ಆಯಿ.

ಆದರೆ ಕರೆಯಲು ತವರಿನಿಂದ ಗಂಡಸು ಹೋಗದೆ ಯಾವ ಬೀಗರೂ ಕಳಿಸುತ್ತಿರಲಿಲ್ಲ. ಗಂಡನಿಲ್ಲದ ಆಯಿ ಹಬ್ಬದ ಹೊತ್ತಿನಲ್ಲಿ ಅವರ ಬಾಗಿಲಿಗೆ ಹೋಗುವಂತೆಯೂ ಇರಲಿಲ್ಲ. ನಮ್ಮ ಮನೆಯವರು ಹೋಗಿ ಕರೆತರುತ್ತೇನೆಂದು ಮಾತು ಕೊಟ್ಟಿದ್ದರು. ನರಕ ಚತುರ್ದಶಿಯ ದಿನವೇ ಕರೆತರಬೇಕಿತ್ತು. ಮರುದಿನ ಅಮಾವಾಸ್ಯೆ, ಬಸುರಿ ಸೀಮೆ ದಾಟುವಂತಿಲ್ಲ. ಅದರಾಚೆ ಎಂಟನೆಯ ತಿಂಗಳು ಬೀಳುತ್ತಿತ್ತು. ಎಂಟರಲ್ಲಿ ಯಾರೂ ಕಳಿಸುವುದಿಲ್ಲ.

ಆ ಚತುರ್ದಶಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೂರು ದಿನ ನೆನೆದ ಮಣ್ಣು ಹದಕ್ಕೆ ಬಂದಿತ್ತು. ಮಳೆಗೆ ಹಿಂದಿನ ಗೋಡೆಯ ಮೈ ಉದುರಿತ್ತು. ಲಕ್ಷ್ಮೀಪೂಜೆಯೊಳಗೆ, ಥಂಡಿ ಬಲಿಯುವ ಮುಂಚೆ ಮೆತ್ತಬೇಕಿತ್ತು. ಬರುತ್ತೇನೆಂದ ಆಳು ಬರಲಿಲ್ಲ. ಮನೆಯವರು ಅಂಗಿ ತೊಟ್ಟು ಬಸ್ಸಿಗೆ ಹೊರಟು ನಿಂತಿದ್ದರು.

ಅತ್ತೆ ಹೇಳಿದರು: "ಕಲಸಿದ ಮಣ್ಣ ಕಾಯಂಗಿಲ್ಲ. ನಾಳಿ ಮೊದಲನೇ ಬಸ್ಸಿಗಿ ಹೋಗಿ ಕರಕೊಂಡು ಬಾ. ಬೀಗರೇನು ಇಲ್ಲಂತಾರ?"

ಮನೆಯವರು ನನ್ನ ಕಡೆ ನೋಡಿದರು. ನಾಳೆ ಅಮಾವಾಸ್ಯೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊಸ ಸೊಸೆ, ಅತ್ತೆಯ ಮಾತಿಗೆ ಎದುರು ಹೇಗೆ ಆಡಲಿ... ಬುಟ್ಟಿಗೆ ಮಣ್ಣು ತುಂಬಿ ಮನೆಯವರ ಕೈಗೆ ಕೊಟ್ಟೆ. ಸಂಜೆತನಕ ಕೊಡುತ್ತಲೇ ಇದ್ದೆ.

ಮರುದಿನ ಇಳಿಹೊತ್ತಿಗೆ ಅವರು ಒಬ್ಬರೇ ಬಂದರು. ನಿನ್ನೆ ಬಂದಿದ್ದರೆ ಕಳಿಸುತ್ತಿದ್ದೆವು, ಅಮಾವಾಸ್ಯೆಯ ದಿನ ಹೇಗೆ ಕಳಿಸುವುದು ಎಂದಿದ್ದರಂತೆ ಬೀಗರು. ಆಯಿ ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮ ಹಿತ್ತಿಲಿಗೆ ಬಂದು ಹಸಿ ಗೋಡೆಯ ಮೇಲೆ ಅಂಗೈ ಆಡಿಸಿದಳು.

"ಗ್ವಾಡಿ ಛಲೋ ಮೆತ್ತೀರಿ. ಇನ್ನ ಥಂಡಿ ಒಳಗ ಬರಂಗಿಲ್ಲ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮಗಳಿಗೆ ಎಂಟರಲ್ಲೇ ಹೆರಿಗೆಯಾಯಿತು. ತಾಯಿ ಉಳಿದಳು, ಅದು ದೇವರ ದಯೆ. ಕೂಸು ಉಳಿಯಲಿಲ್ಲ. ತವರಿಗೆ ಬಂದಿದ್ದರೆ ಉಳಿಯುತ್ತಿತ್ತೋ ಏನೋ... ಬೀಗರು ಬಾಣಂತಿಯನ್ನೂ ಕಳಿಸಲಿಲ್ಲ. ಕೋಣೆ ಹಾಗೆಯೇ ಇತ್ತು.

ಸಂಕ್ರಾಂತಿ ಮುಗಿದು ನನ್ನ ದಿನ ಹತ್ತಿರ ಬಂದಾಗ ಆಯಿ ಅತ್ತೆಯ ಹತ್ತಿರ ಬಂದಳು. ತಾಯಿಯಿಲ್ಲದ ಹುಡುಗಿ, ನನ್ನ ಮನೆಗೆ ಕಳಿಸಿರಿ ಎಂದು ಕೇಳಿದಳು. ನಾನು ಅಳುತ್ತ, "ಬ್ಯಾಡ್ರಿ ಆಯಿ" ಎಂದೆ.

"ಯಾಕ ಬ್ಯಾಡ? ಖಾಲಿ ಹೊರಸ ನೋಡಿ ನೋಡಿ ನಂಗ ನಿದ್ದಿ ಬರವಲ್ದು."

ಅವಳ ಮಗಳಿಗೆಂದು ಬಿಗಿದ ಹೊರಸಿನ ಮೇಲೆ ನಾನು ಮಲಗಿದೆ. ಗಂಡು ಹುಟ್ಟಿತು. ಐದನೆಯ ದಿನ ಆಯಿ ಹೋಳಿಗೆ ಮಾಡಿ, ಚೂರಿಟ್ಟು, ಕೌದಿಯ ಮೂಲೆ ಹೊಲಿದು, ನನ್ನ ಮಗನಿಗೆ ಹೊದಿಸಿದಳು. ಒಂದೂಕಾಲು ತಿಂಗಳು ನನ್ನ ಕೈಗೆ ನೀರು ಮುಟ್ಟಿಸಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಬಾಯಿ ತೆರೆದೆ. "ಆಯಿ, ಆವತ್ತ ಗ್ವಾಡಿ ಮೆತ್ತೋ ದಿನ, ನಾ ಒಂದ ಮಾತ..."

"ಕೂಸು ಹಸದದ. ಮೊದಲ ಹಾಲ ಕುಡಸು" ಎಂದಳು. ಮುಂದೆ ಆ ಮಾತನ್ನು ನಾನೂ ಆಡಲಿಲ್ಲ, ಅವಳೂ ಎತ್ತಲಿಲ್ಲ. ಮಗನಿಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ಆಯಿ ಹೋಗಿಬಿಟ್ಟಳು.

ಈಗಲೂ ಆದಾಗಲೆಲ್ಲ ಗುರುವಾರ ಅಕ್ಕಲಕೋಟದ ಸ್ವಾಮಿಯ ಗುಡಿಗೆ ಹೋಗುತ್ತೇನೆ. ಗುಡಿಯ ಕಂಬಕ್ಕೆ ಒರಗಿ ಕುಳಿತು ಸ್ವಾಮಿ ಕೊಟ್ಟದ್ದನ್ನೆಲ್ಲ ಎಣಿಸುತ್ತೇನೆ: ನಡೆಯುವ ಕಾಲು, ಎರಡು ಹೊತ್ತಿನ ರೊಟ್ಟಿ, ಮಾತಾಡಿಸುವ ಸೊಸೆ. ಮಗನ ಹತ್ತಿರ ಬಂದಾಗ ಎಣಿಕೆ ತಪ್ಪುತ್ತದೆ. ಅವನನ್ನು ನನ್ನ ಪಾಲಿಗೆ ಎಣಿಸಿಕೊಳ್ಳಲೇ ಎಂದು ಕೇಳಲು ಆಯಿ ಇಲ್ಲ. ಎದ್ದು ಬಸ್ಸಿಗೆ ಬರುತ್ತೇನೆ.