ಗುರಮ್ಮ ಅಳೆದ ಮೂರಂಕಣದ ಮನೆ

ಹುಲಗಪ್ಪನ ಕಾಲಿನ ವಿಷಯ ಮೊದಲು ಹೇಳದಿದ್ದರೆ ಅವನ ತಾಯಿ ಗುರಮ್ಮನ ವಿಷಯ ಯಾರಿಗೂ ಅರ್ಥವಾಗುವುದಿಲ್ಲ. ಮುಂಬಯಿ ಪಕ್ಕದ ತುರ್ಭೆಯಲ್ಲಿ ನಮ್ಮ ಹೋಟೆಲಿನ ಎದುರಿಗೆ ಒಂದು ಗಲ್ಲಿ ಇದೆ. ಅದರ ಒಳಗೆ, ಎಡಗಡೆ, ನೀಲಿ ತಗಡಿನ ಬಾಗಿಲು ಅವನದು. ಕಟ್ಟಡ ಕೆಲಸದ ಗ್ಯಾಂಗು ನಡೆಸುವ ಮುಕಾದಮ. ಅವನು ಒಂದು ಹೆಜ್ಜೆ ಇಟ್ಟರೆ ಎರಡೂವರೆ ಅಡಿ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾನಪಾಡಾದಲ್ಲಿ ಒಂದು ಬಿಲ್ಡಿಂಗಿನ ಪಾಯ ಹಾಕುವಾಗ ಅವನ ಹೆಜ್ಜೆಗೂ ಇಂಜಿನಿಯರನ ಟೇಪಿಗೂ ಎರಡು ಇಂಚು ವ್ಯತ್ಯಾಸ ಬಂತಂತೆ. ಇಂಜಿನಿಯರ್ ಮರುದಿನ ಹೊಸ ಟೇಪು ತಂದ. ಇದು ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು, ತಾನೇ ಸೇರಿಸಿದ್ದು ಯಾವುದು ಎಂಬ ಭೇದ ಉಳಿಯುವುದಿಲ್ಲ.

ಗುರಮ್ಮನಿಗೆ ಕಣ್ಣು ಹೋಗಿ ಹದಿನೈದು ವರ್ಷದ ಮೇಲಾಯಿತು. ಊರು ಜೇವರ್ಗಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಪಕ್ಕದ ಊರಿನವರು ಇಂಥ ಹೆಂಗಸು ನಮ್ಮವಳೇ ಎಂದು ಜಗಳಕ್ಕೆ ಬಂದಾರು. ಅಲ್ಲಿ ಆಕೆಗೆ ಕಣ್ಣು ಬೇಕಿರಲಿಲ್ಲ. ಹೊಸ್ತಿಲಿನಿಂದ ಒಲೆಗೆ ಇಷ್ಟು ಹೆಜ್ಜೆ, ಒಲೆಯಿಂದ ನೀರು ತುಂಬಿಡುವ ಮಣ್ಣಿನ ಹರಿವಿಗೆ ಇಷ್ಟು, ಅಂಗಳದಿಂದ ಪಕ್ಕದ ಹಣಮಂತ್ರಾಯನ ಮನೆ ಕಟ್ಟೆಗೆ ಇಷ್ಟು ಎಂದು ಲೆಕ್ಕ ಇಟ್ಟಿದ್ದಳು. ಕೋಲು ಹಿಡಿಯುತ್ತಿರಲಿಲ್ಲ. ಹೊಸಬರು ಬಂದರೆ ಈ ಮುದುಕಿ ಕುರುಡಿ ಎಂದು ತಿಳಿಯುವುದಕ್ಕೆ ಮೂರು ದಿನ ಬೇಕಾಗುತ್ತಿತ್ತು, ಆಮೇಲೂ ಅವರು ನಂಬುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತರ ಅಕ್ಟೋಬರಿನಲ್ಲಿ ಭೀಮಾ ಊರೊಳಗೆ ಬಂತು. ಸಂಜೆ ಹೊತ್ತಿಗೆ ಕರೆಂಟು ಹೋಯಿತು, ಓಣಿಯಲ್ಲಿ ಸೊಂಟದವರೆಗೆ ನೀರು. ಕಣ್ಣಿದ್ದವರಿಗೆ ಕಣ್ಣೇ ತೊಡಕಾಯಿತು. ಎಲ್ಲಿ ಓಣಿ, ಎಲ್ಲಿ ಕಾಳು ತುಂಬುವ ಹಗೇವು, ಎಲ್ಲಿ ಗಟಾರ ತಿಳಿಯದೆ ನಿಂತುಬಿಟ್ಟರು. ಗುರಮ್ಮ ಸೆರಗಿನ ತುದಿಯನ್ನು ಹಿಂದಿನವಳ ಕೈಗೆ ಕೊಟ್ಟು, ಒಂದು, ಎರಡು ಎಂದು ಎಣಿಸುತ್ತ ದಿನ್ನೆಯ ಮೇಲಿನ ಶಾಲೆಗೆ ಎಲ್ಲರನ್ನೂ ಕರೆದೊಯ್ದಳು. ಎಷ್ಟು ಜನ ಎಂದರೆ, ಆ ಸಾಲಿನಲ್ಲೇ ಇದ್ದ ತನ್ನ ಮನೆಯವರ ಮಾತು ಹಿಡಿದು ಹಣಮಂತ್ರಾಯ ಏಳು ಎನ್ನುತ್ತಾನೆ, ಹುಲಗಪ್ಪ ಹದಿನೇಳು ಎನ್ನುತ್ತಾನೆ. ನಾನು ಹೋಟೆಲಿನಲ್ಲಿ ಎಪ್ಪತ್ತಕ್ಕಿಂತ ಕೆಳಗೆ ಎಂದೂ ಹೇಳಿದವನಲ್ಲ.

ಜನ ಉಳಿದರು, ಮನೆ ಉಳಿಯಲಿಲ್ಲ. ಮಣ್ಣಿನ ಮಾಳಿಗೆಯ ಮನೆ, ನಾಲ್ಕು ದಿನ ನೀರಿನಲ್ಲಿ ನಿಂತು ಬೆಲ್ಲದಂತೆ ಕರಗಿತು. ಹುಲಗಪ್ಪ ಹೋಗಿ ನೋಡುವಾಗ ಗೋಡೆ ಮೊಣಕಾಲೆತ್ತರ ಇತ್ತು. ಮುಂದಿನ ಮಳೆಗಾಲಕ್ಕೆ ಅದೂ ಇಲ್ಲ. ಅವನು ಹುಟ್ಟಿದ್ದು ಆ ಮನೆಯಲ್ಲಿ, ಹನ್ನೊಂದನೆಯ ವಯಸ್ಸಿಗೆ ಮಾವನ ಜೊತೆ ಮುಂಬಯಿ ರೈಲು ಹತ್ತಿದ್ದು ಆ ಮನೆಯಿಂದ. ಅಲ್ಲಿಂದ ತಾಯಿಯನ್ನು ತುರ್ಭೆಗೆ ಕರೆತಂದ.

ಬಂದ ವಾರದಲ್ಲೇ ಗುರಮ್ಮ ಯಾರಿಗೂ ಹೇಳದೆ ನಳಕ್ಕೆ ಹೊರಟಳು. ಕಾಲಿನಲ್ಲಿ ಊರಿನ ಲೆಕ್ಕ, ನೆಲ ತುರ್ಭೆಯದು. ಗಟಾರಕ್ಕೆ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ನಾಲ್ಕು ಜನ ಅಪರಿಚಿತರು ರಟ್ಟೆ ಹಿಡಿದು ಎತ್ತಿದರು. ಊರಿಗೆ ಊರನ್ನೇ ನೀರಿನಿಂದ ನಡೆಸಿ ತಂದವಳನ್ನು ಎತ್ತಿದರು. ಅಂದಿನಿಂದ ಆಕೆ ತಾನಾಗಿ ಮಂಚ ಬಿಟ್ಟು ಏಳಲಿಲ್ಲ. ಸಾರ್ವಜನಿಕ ಸಂಡಾಸಿಗೆ ಸೊಸೆ ಅನಸೂಯಾ ಕೈ ಹಿಡಿದು ಕರೆದೊಯ್ಯಬೇಕು. ಅದು ಸಹಿಸದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ನಾನು ಕಳಿಸಿದ ಚಹಾ ಅರ್ಧಕ್ಕೆ ವಾಪಸು ಬರುತ್ತಿತ್ತು. ಮೂರು ವರ್ಷ ಹೀಗೆ ಹೋಯಿತು. ಕಾಲು ಕಡ್ಡಿಯಾಯಿತು. ದವಾಖಾನೆಯವರು, ಇನ್ನು ಆರು ತಿಂಗಳು ಹೀಗೇ ಕೂತರೆ ಆಮೇಲೆ ಬೇಕೆಂದರೂ ನಡೆಯಲಾಗದು ಎಂದರು.

ಅಂದು ಹುಲಗಪ್ಪ ನಮ್ಮ ಹೋಟೆಲಿಗೆ ಬಂದು, ಎದುರಿಗಿಟ್ಟ ಇಡ್ಲಿ ಮುಟ್ಟದೆ ಕೂತ. ಇಡ್ಲಿ ನಮ್ಮದಾದ್ದರಿಂದ ಮುಟ್ಟದಿರುವುದಕ್ಕೆ ಬೇರೆ ಕಾರಣವೂ ಇದ್ದೀತು. ಆದರೆ ಮುಖ ನೋಡಿದರೆ ಹಾಗೆ ಕಾಣಲಿಲ್ಲ.

"ಅಣ್ಣಾ, ಅವ್ವಗ ನಮ್ಮ ಮನಿ ಒಮ್ಮೆ ಕಾಲಿಗಿ ತಾಗಿಸಬೇಕು" ಎಂದ. "ಅಷ್ಟಾದ್ರ ಆಮ್ಯಾಲ ತಾನೇ ಎದ್ದು ನಡೀತಾಳ."

ಹೊಳೆ ಒಯ್ದ ಮನೆಯನ್ನು ತುರ್ಭೆಗೆ ತರುವುದು ಹೇಗೆ ಮಾರಾಯ ಎಂದೆ. ಅವನ ಹತ್ತಿರ ಉಪಾಯ ತಯಾರಿತ್ತು. ಅವನ ಗ್ಯಾಂಗು ಹೊಸ ಗೋದಾಮು ಕಟ್ಟಬೇಕಿದ್ದ ಜಾಗ ಹದ ಮಾಡಿ ಸಮತಟ್ಟಾಗಿ ಬಿದ್ದಿತ್ತು, ಇಟ್ಟಿಗೆಯ ರಾಶಿಯೂ ಬಂದಿತ್ತು, ಕೆಲಸ ಶುರುವಾಗುವುದಕ್ಕೆ ಇನ್ನೂ ವಾರ ಇತ್ತು. ಅಲ್ಲಿ ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಎರಡು ಸಾಲು ಇಟ್ಟಿಗೆ ಇಟ್ಟು, ಊರಿನ ಮನೆಯನ್ನು ಅಳತೆಗೆ ಸರಿಯಾಗಿ ಬಿಡಿಸುವುದು. ಗೋಡೆ ಕಾಲಿಗೆ ಸಿಕ್ಕಿದರೆ ಸಾಕು, ಉಳಿದದ್ದು ಅವ್ವನಿಗೆ ಗೊತ್ತು. ಗೋದಾಮಿನವರು ಒಂದು ಭಾನುವಾರಕ್ಕೆ ಒಪ್ಪಿದರು.

ಅಳತೆ ಅವನಿಗೆ ಬಾಯಿಪಾಠವಾಗಿತ್ತು. ಅವನು ಸಣ್ಣವನಿದ್ದಾಗ ಊರಲ್ಲಿ ದೀಪ ಎಂದರೆ ಎಣ್ಣೆಯ ಖರ್ಚು. ಕತ್ತಲಲ್ಲಿ ಒಲೆ ಮುಂದಿನ ಮಜ್ಜಿಗೆ ಗಡಿಗೆ ತರಲು ಕಳಿಸುವಾಗ ತಾಯಿ ಎಣಿಸಿ ಕಲಿಸಿದ್ದಳು: ಹೊಸ್ತಿಲಿನಿಂದ ಒಲೆಗೆ ಹದಿನಾರು, ಅಡ್ಡಕ್ಕೆ ಗೋಡೆಯಿಂದ ಗೋಡೆಗೆ ಎಂಟು. ಅವರ ಕಡೆ ಮನೆಯನ್ನು ಅಂಕಣದಲ್ಲಿ ಹೇಳುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಇವರದು ಮೂರಂಕಣ.

ಭಾನುವಾರ ಬೆಳಿಗ್ಗೆ ಹುಲಗಪ್ಪ ತನ್ನ ಪ್ರಸಿದ್ಧ ಹೆಜ್ಜೆ ಇಡುತ್ತ ಹದಿನಾರು ಎಣಿಸಿದ, ಎಂಟು ಎಣಿಸಿದ, ಗ್ಯಾಂಗಿನವರು ಇಟ್ಟಿಗೆ ಇಟ್ಟರು. ನಾನು ಹೋಗಿ ನೋಡಿ ಬೆರಗಾದೆ. ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಒಂದೊಂದು ಅಂಕಣದಲ್ಲಿ ಒಂದೊಂದು ಟ್ರಕ್ಕು ನಿಲ್ಲಿಸಿ ಡ್ರೈವರಿಗೆ ಊಟ ಬಡಿಸಬಹುದಿತ್ತು. ಬಾಗಿಲ ಪಕ್ಕದ ದನದ ಜಾಗದಲ್ಲಿ ಎತ್ತು ಕಟ್ಟಿದರೆ ಎತ್ತಿಗೇ ಒಂಟಿತನ ಕಾಡಿ ಹಾಲು ಕೊಟ್ಟೀತು.

ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ದುಡಿಯುವ ಹಣಮಂತ್ರಾಯ ಬಂದಿದ್ದ. ಊರಿನ ಹತ್ತು ಹನ್ನೆರಡು ಮಂದಿ ಬಂದಿದ್ದರು. ಯಾರೂ ಇದು ಹೆಚ್ಚಾಯಿತು ಎನ್ನಲಿಲ್ಲ. ಎಲ್ಲರೂ ಆ ಓಣಿಯನ್ನು ಚಿಕ್ಕವರಿದ್ದಾಗ ಬಿಟ್ಟವರು, ಜಾತ್ರೆಗೆಂದು ಹೋದರೂ ಒಂದು ರಾತ್ರಿ ಉಳಿದು ಬಂದವರು, ಅವರ ತಲೆಯಲ್ಲೂ ಅದು ಅಷ್ಟೇ ದೊಡ್ಡದಿತ್ತು. ಹೌದು ಹೌದು, ಹೀಗೇ ಇತ್ತು ಎಂದರು. ಹಣಮಂತ್ರಾಯನಂತೂ ತನ್ನ ಮನೆ ಪಕ್ಕದಲ್ಲೇ, ಇದಕ್ಕಿಂತ ಒಂದಂಕಣ ದೊಡ್ಡದಿತ್ತೆಂದು ನಡೆದು ತೋರಿಸಲು ಹೋಗಿ ಗೋದಾಮಿನ ಕಂಪೌಂಡು ಗೋಡೆಗೆ ತಾಗಿ ನಿಂತ.

ಅನಸೂಯಾ ಮಾತ್ರ ಸೊಂಟಕ್ಕೆ ಕೈ ಇಟ್ಟು ನೋಡುತ್ತಿದ್ದಳು. ಆಕೆಯೂ ಇಪ್ಪತ್ತು ವರ್ಷ ಗಾರೆ ಹೊತ್ತವಳು.

"ಇಷ್ಟು ಅಗಲಕ ನಿಮ್ಮಪ್ಪ ಯಾವ ತೊಲಿ ಹಾಕಿದ್ದ? ಇಪ್ಪತ್ತು ಫೂಟಿನ ತೊಲಿ ಎಲ್ಲಿ ಬೆಳೀತಿತ್ತು?"

"ಆವಾಗಿನ ಬೇವಿನ ಗಿಡ ಅಂಥಾವು ಇದ್ದವು" ಎಂದ ಹುಲಗಪ್ಪ, ಕಟ್ಟಡದ ಮುಕಾದಮ, ಇಂಜಿನಿಯರಿಗೆ ಟೇಪು ಬದಲಾಯಿಸಲು ಹಚ್ಚಿದವನು.

ಗುರಮ್ಮನನ್ನು ರಿಕ್ಷಾದಲ್ಲಿ ಕರೆತಂದು ಹೊಸ್ತಿಲಿನ ಇಟ್ಟಿಗೆಯ ಮೇಲೆ ನಿಲ್ಲಿಸಿದರು. ಮಗ ಹೇಳಿದ, ಅವ್ವಾ ನಿನ್ನ ಮನಿ, ಒಳಗ ನಡಿ. ಆಕೆ ಬಹಳ ಹೊತ್ತು ನಿಂತಳು. ಕೊನೆಗೆ ಅನಸೂಯಾಳ ಕೈ ಹಿಡಿದೇ ಒಂದು ಕಾಲು ಒಳಗಿಟ್ಟಳು. ಬಾಯಲ್ಲಿ ಎಣಿಸುತ್ತ ಹೋದಳು. ತನ್ನ ಲೆಕ್ಕದ ಹದಿನಾಲ್ಕಕ್ಕೆ ನಿಂತು, ಒಲೆ ಮುಟ್ಟಲು ಕೈ ಚಾಚಿದಳು. ಕೈಗೆ ತುರ್ಭೆಯ ಬಿಸಿಗಾಳಿ ಸಿಕ್ಕಿತು. ಎಡಕ್ಕೆ ಕಾಲು ಆಡಿಸಿದಳು, ಗೋಡೆ ಇಲ್ಲ. ಬಲಕ್ಕೆ ಆಡಿಸಿದಳು, ಇಲ್ಲ. ನಟ್ಟನಡು ಬಯಲಿನಲ್ಲಿ ನಿಂತವಳ ಮುಖ ಕಪ್ಪಿಟ್ಟಿತು. ಹುಲಗಪ್ಪನ ಮುಖ ಅದಕ್ಕಿಂತ. ಈಗ ಈಕೆ ಕೂತರೆ ಇನ್ನು ಏಳುವವಳಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಅನ್ನಿಸಿತು. ಹಣಮಂತ್ರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದು ಯಾರ ಮನಿ?" ಎಂದಳು.

"ನಮ್ದೇ ಅವ್ವಾ."

"ನಮ್ದಲ್ಲ. ಒಲಿ ಇಷ್ಟು ದೂರ ಇದ್ದಿದ್ರ ರೊಟ್ಟಿ ನಿಮ್ಮಪ್ಪನ ತಾಟಿಗಿ ಬರೋದ್ರಾಗ ಬೂಸು ಹಿಡೀತಿತ್ತು. ಹ್ಯಾಂಗ ಅಳದಿ?"

"ನೀನೇ ಕಲಿಸಿದ್ದಿ. ಹೊಚ್ಚಲದಿಂದ ಹದಿನಾರು."

ಗುರಮ್ಮ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಎತ್ತಲು ನಾವೆಲ್ಲ ಮುಂದೆ ಓಡಿದೆವು. ಆದರೆ ಆಕೆ ಕೂತದ್ದು ಮಗನ ಪಾದ ಹುಡುಕುವುದಕ್ಕೆ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಗೇಣು ಹಾಕಿ ಸವರಿದಳು.

"ಇದು ಆ ಹದಿನಾರರ ಕಾಲೇನೋ? ಆ ಕಾಲಾಗಿನ ಮುಳ್ಳು ನಾ ತಗೀತಿದ್ದೆ. ಅದು ನನ್ನ ಅಂಗೈಯಾಗ ಕುಂಡ್ರತಿತ್ತು."

ಹುಲಗಪ್ಪ ತನ್ನ ಕಾಲನ್ನು ಮೊದಲ ಸಲ ನೋಡುವವನಂತೆ ನೋಡಿದ. ಹತ್ತು ವರ್ಷದ ಹುಡುಗ ಕತ್ತಲಲ್ಲಿ ಮಜ್ಜಿಗೆ ಚೆಲ್ಲದಂತೆ ಇಟ್ಟ ಹೆಜ್ಜೆ ಅದು. ಒಂದೂಕಾಲು ಅಡಿ ಇದ್ದರೆ ಹೆಚ್ಚು. ಸಾನಪಾಡಾದ ಎಷ್ಟೋ ಬಿಲ್ಡಿಂಗಿನ ಗೆರೆ ಎಳೆದವನಿಗೆ ತನ್ನ ಮನೆಯ ಹೊತ್ತಿಗೆ ಮಾತ್ರ ಕಾಲು ಬೆಳೆದದ್ದು ನೆನಪಾಗಿರಲಿಲ್ಲ. ಗ್ಯಾಂಗಿನ ಮುಂದೆ ಮುಖ ಎತ್ತದೆ, ಇಟ್ಟಿಗೆ ಸರಿಸಿ ಮತ್ತೆ ಅರ್ಧಕ್ಕೆ ಅಳೆಯುತ್ತೇನೆ ಎಂದ.

"ನೀ ಅಳೀಬ್ಯಾಡ" ಎಂದಳು ಗುರಮ್ಮ, ನೆಲಕ್ಕೆ ಕೈಯೂರಿ ತಾನೇ ಏಳುತ್ತ. "ಇಟ್ಟಂಗಿ ಎಲ್ಲಾ ತಗಸು. ನಾ ನಡೀತೀನಿ, ನೀ ನನ್ನ ಹಿಂದ ಹಚ್ಚಕೋತ ಬಾ."

"ಕೈ ಹಿಡೀಲೇನವ್ವಾ?"

"ಕೈ ಹಿಡಿದ್ರ ಹೆಜ್ಜಿ ಸಣ್ಣಾಗ್ತದ. ಬಿಡು."

ಗ್ಯಾಂಗಿನವರು ಇಟ್ಟಿಗೆ ತೆಗೆದರು. ಬಟಾಬಯಲು. ಗುರಮ್ಮ ಮತ್ತೆ ಹೊಸ್ತಿಲಿನ ಜಾಗಕ್ಕೆ ಹೋಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಣಿಸುತ್ತ ಹೊರಟಳು. ಮೊದಲ ನಾಲ್ಕು ಹೆಜ್ಜೆಗೆ ಕಾಲು ನಡುಗಿತು. ಐದನೆಯದಕ್ಕೆ, ಇಲ್ಲಿ ಮೆಟ್ಟಿಲು, ಕಾಲೆತ್ತಬೇಕು ಎಂದು ಕಾಲೆತ್ತಿ ಇಟ್ಟಳು; ಹಿಂದೆ ಇದ್ದ ಹುಲಗಪ್ಪನೂ, ಇಲ್ಲದ ಮೆಟ್ಟಿಲಿಗೆ ಕಾಲೆತ್ತಿದ. ಅದಾದ ಮೇಲೆ ನಡುಕ ನಿಂತಿತು. ಇಲ್ಲಿ ಕಂಬ. ಇಲ್ಲಿ ಬೀಸುಕಲ್ಲು, ಬೆರಳು ಎಡವೀರಿ. ಇಲ್ಲಿ ಗೋಡೆ ಒಂದು ಗೇಣು ಸೊಟ್ಟ, ನಿಮ್ಮಪ್ಪ ಕಟ್ಟಿದ್ದು, ಸೊಟ್ಟನೇ ಇಡು. ಇಟ್ಟಿಗೆ ವಾರೆಯಾದರೆ ಪಾದದ ಬದಿಯಿಂದ ತಟ್ಟಿ ಹೇಳುತ್ತಿದ್ದಳು. ಬದುಕಿನಲ್ಲಿ ಯಾವ ಸಾಹೇಬನಿಂದಲೂ ಬೈಸಿಕೊಳ್ಳದ ಮುಕಾದಮ ಅಂದು ಅರ್ಧ ಗಂಟೆಯಲ್ಲಿ ಇಪ್ಪತ್ತೇಳು ಸಲ ಬೈಸಿಕೊಂಡ. ನಾನು ಎಣಿಸಿದ್ದೇನೆ, ಇದರಲ್ಲಿ ಒಂದೂ ಸೇರಿಸಿದ್ದಲ್ಲ.

ಯಾರೂ ಆಕೆಯ ಕೈ ಹಿಡಿದಿರಲಿಲ್ಲ. ಇದು ಮೊದಲು ಹೊಳೆದದ್ದು ಅನಸೂಯಾಳಿಗೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮನೆ ಪೂರ್ತಿಯಾಯಿತು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಸರಿಯಾಗಿ ನಮ್ಮ ಹೋಟೆಲಿನ ಕಿಚನ್ನಿನಷ್ಟು. ಹಣಮಂತ್ರಾಯ ಕಂಪೌಂಡಿನವರೆಗೆ ಚಾಚಿದ್ದ ತನ್ನ ಮನೆಯನ್ನು ಮೆಲ್ಲಗೆ ಮಡಚಿಕೊಂಡ. ಇಷ್ಟೇ ಇತ್ತಾ ಎಂದ ಹುಲಗಪ್ಪ, ಮಗುವಿನ ದನಿಯಲ್ಲಿ.

"ಇಷ್ಟ ಇತ್ತು" ಎಂದಳು ಗುರಮ್ಮ, ಒಲೆಯ ಜಾಗದಲ್ಲಿ ನಿಂತು. "ಎಂಟು ಮಂದಿ, ಎರಡು ಎತ್ತು, ಒಂದು ಆಕಳು. ಯಾರಿಗೂ ಯಾರೂ ಅಡ್ಡ ಬರಲಿಲ್ಲ. ದೊಡ್ಡ ಮನ್ಯಾಗ ಯಾರ್ ಬೇಕಾದ್ರೂ ಬದುಕ್ತಾರ."

ಆಕೆ ಹಾಗೆ ನಿಂತದ್ದು ನೋಡಬೇಕಿತ್ತು. ಅರಮನೆಯವರು ಕೂಡ ತಮ್ಮ ಅರಮನೆಯಲ್ಲಿ ಅಷ್ಟು ನೆಟ್ಟಗೆ ನಿಂತಿರಲಾರರು. ಉಡುಪಿಯ ಕಡೆ ನನ್ನ ಅಜ್ಜನ ಮನೆ ಕಡಲಿಗೆ ಹೋಗಿ ಮೂವತ್ತು ವರ್ಷವಾಯಿತು. ಅದರ ಅಂಗಳದಲ್ಲಿ ಎರಡು ವಿಮಾನ ಇಳಿಯುವಷ್ಟು ಜಾಗವಿತ್ತೆಂದು ಮಗ ಅನೀಶನಿಗೆ ಹೇಳುತ್ತ ಬಂದಿದ್ದೆ. ಅಂದಿನಿಂದ ಒಂದು ವಿಮಾನ ಕಡಿಮೆ ಮಾಡಿದ್ದೇನೆ.

ಸೋಮವಾರ ಇಟ್ಟಿಗೆ ರಾಶಿಗೆ ವಾಪಸು ಹೋಯಿತು, ಆ ವಾರದಲ್ಲೇ ಗೋದಾಮಿನ ಪಾಯ ಬಿತ್ತು. ಹುಲಗಪ್ಪ ಅದನ್ನು ತಾಯಿಗೆ ಹೇಳಲು ಹೆದರಿ ಮೂರು ದಿನ ತಡಮಾಡಿದ. ಆಕೆಗೆ ಕೇಳುವ ಪುರುಸೊತ್ತಿರಲಿಲ್ಲ. ಮನೆ ಅಳೆದ ಕಾಲಿಗೆ ಗಲ್ಲಿ ಅಳೆಯುವ ಹುಮ್ಮಸ್ಸು ಬಂದಿತ್ತು. ಮಂಚದಿಂದ ಬಾಗಿಲು, ಬಾಗಿಲಿನಿಂದ ನಳ, ನಳದಿಂದ ಸಂಡಾಸು. ಮೊದಲ ಕೆಲವು ದಿನ ಅನಸೂಯಾ ಕದ್ದು ಹಿಂದೆ ಹೋಗುತ್ತಿದ್ದಳು. ನಿನ್ನ ಬಳೆ ಸಪ್ಪಳಕ್ಕೆ ನನ್ನ ಲೆಕ್ಕ ತಪ್ಪುತ್ತದೆ ಎಂದು ಬೈದು ಹಿಂದಕ್ಕೆ ಕಳಿಸಿದಳು. ಗಟಾರದ ಮೇಲೆ ಚಪ್ಪಡಿ ಮುಚ್ಚದ ಜಾಗಗಳು ಎಲ್ಲೆಲ್ಲಿವೆ ಎಂಬುದು ಈಗ ಇಡೀ ಗಲ್ಲಿಯಲ್ಲಿ ಆಕೆಯೊಬ್ಬಳಿಗೇ ಸರಿಯಾಗಿ ಗೊತ್ತು.

ಮೊನ್ನೆ ಪಾರ್ಸಲ್ ತಂದ ತರುಣನೊಬ್ಬ ಗಲ್ಲಿಯ ಬಾಯಲ್ಲಿ ಫೋನು ಹಿಡಿದು ಸುತ್ತುತ್ತಿದ್ದ. ಫೋನು ಅವನನ್ನು ರೈಲು ಹಳಿಯ ನಡುವೆ ನಿಲ್ಲಿಸಲು ನೋಡುತ್ತಿತ್ತು. ಗುರಮ್ಮ ನಮ್ಮ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದಳು. ಯಾರ ಮನೆ ಎಂದು ಕೇಳಿ, ತನ್ನ ಕಲಬುರ್ಗಿ ಹಿಂದಿಯಲ್ಲಿ, ಮೂವತ್ತೊಂದು ಹೆಜ್ಜೆ ಸೀದಾ, ಆಮೇಲೆ ಎಡಕ್ಕೆ ಒಂಬತ್ತು ಎಂದಳು. ಅವನು ಎಣಿಸುತ್ತ ಹೋದ. ಆರಡಿ ಆಳು, ಎರಡು ನಿಮಿಷದಲ್ಲಿ ಯಾರದೋ ಅಡುಗೆಮನೆಯಿಂದ ಬೈಸಿಕೊಂಡು ಹೊರಗೆ ಬಂದ.

ಗುರಮ್ಮ ಲೋಟ ಕೆಳಗಿಟ್ಟಳು. "ಈ ಊರಾಗ ಯಾರಿಗೂ ಸಣ್ಣ ಹೆಜ್ಜಿ ಇಡ್ಲಿಕ್ಕ ಬರಂಗಿಲ್ಲ, ತಮ್ಮಾ" ಎಂದು ನನಗೆ ಹೇಳಿ ಎದ್ದಳು. ಮೆಟ್ಟಿಲು ಇಳಿದು, ಅವನನ್ನು ಹಿಂದೆ ಬಾ ಎಂದು ಕರೆದು, ಬೆನ್ನು ನೆಟ್ಟಗೆ ಮಾಡಿ ಗಲ್ಲಿಯೊಳಗೆ ನಡೆದಳು. ಅವನು ಫೋನು ಜೇಬಿಗೆ ಹಾಕಿ ಹಿಂದೆ ಹೋದ. ಈಕೆಗೆ ಕಣ್ಣು ಕಾಣುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೂ, ಅದನ್ನೂ ನಾನೇ ಸೇರಿಸಿದ್ದು ಎಂದುಕೊಳ್ಳುತ್ತಿದ್ದ.